ಯಾರೂ ಒತ್ತದ ಕೀಬೋರ್ಡು

ಶಿಷ್ಯ ವೃಷಭೇಂದ್ರ ಕೇಳಿದ: "ಗುರುಗಳೇ, ಯಾರಿಗೂ ಬೇಡದ ವಸ್ತುವಿನ ಬಗ್ಗೆ ಎಲ್ಲವನ್ನೂ ತಿಳಿದುಕೊಂಡವನು ಜ್ಞಾನಿಯೋ, ಮರುಳನೋ?"

"ಮರುಳನೇ," ಎಂದರು ಗುರುಗಳು. "ಆದರೂ ಕುಳಿತುಕೋ, ಒಂದು ಕತೆಯಿದೆ."

ಒಂದು ಊರಿನಲ್ಲಿ ಒಬ್ಬ ಸಂಗ್ರಹಕಾರನಿದ್ದ. ಹಳೆಯ ಕಂಪ್ಯೂಟರುಗಳ ಕೀಬೋರ್ಡುಗಳನ್ನು ಕೂಡಿಡುತ್ತಿದ್ದ. ಕಂಪ್ಯೂಟರುಗಳನ್ನಲ್ಲ, ಕೀಬೋರ್ಡುಗಳನ್ನು ಮಾತ್ರ. "ಒಂದು ಬಾಗಿಲಿಲ್ಲ, ಮನೆ ತುಂಬ ಬೀಗ" ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಅವನೂ ನಗುತ್ತಿದ್ದ.

ಅವನಿಗೆ ತಿಳಿವಳಿಕೆಯೇನೋ ಇತ್ತು. ಅವನು ಬೆನ್ನು ತಿರುಗಿಸಿ ಕುಳಿತಿರುವಾಗ ಯಾರಾದರೂ ಒಂದು ಕೀ ಒತ್ತಿದರೆ ಸಾಕು, ಅದು ಯಾವ ಕಾರ್ಖಾನೆಯದು, ಒಳಗೆ ಇರುವುದು ಸ್ಪ್ರಿಂಗೋ ರಬ್ಬರೋ ಎಂದು ಸದ್ದಿನಿಂದಲೇ ಹೇಳುತ್ತಿದ್ದ. ಇದರಿಂದ ಲೋಕಕ್ಕೇನು ಲಾಭ ಎಂದು ಕೇಳಿದರೆ, ಏನೂ ಇಲ್ಲ ಎನ್ನುತ್ತಿದ್ದ.

ಅವನಿಗೊಬ್ಬ ಅಭಿಮಾನಿಯಿದ್ದ. ಭಾನುವಾರವೆಲ್ಲ ಅಲ್ಲಿಯೇ. ಕಪಾಟುಗಳ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ. ಹೆಸರುಗಳನ್ನು ಕಲಿತ, ಸದ್ದುಗಳನ್ನೂ ಕಲಿತ.

ಒಂದು ಕೀಬೋರ್ಡನ್ನು ಮಾತ್ರ ಅಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಮುಚ್ಚಿಹೋದ ಒಂದು ಕಾರ್ಖಾನೆ ಕೊನೆಯಲ್ಲಿ ತಯಾರಿಸಿದ್ದು. ಪೆಟ್ಟಿಗೆಯ ಅಂಟುಪಟ್ಟಿ ಕೂಡ ಹರಿದಿರಲಿಲ್ಲ. ಸಂಗ್ರಹಕಾರರಲ್ಲಿ ಒಂದು ಕಟ್ಟುಪಾಡಿದೆ: ಅಂಥದ್ದನ್ನು ಒಮ್ಮೆ ಒತ್ತಿದರೂ ಅದು ಬಳಸಿದ ಮಾಲು. ಹಾಗಾಗಿ ಅದರ ಸದ್ದನ್ನು ಅದರ ಒಡೆಯನೂ ಕೇಳಿರಲಿಲ್ಲ.

"ಹೇಗಿರಬಹುದು ಸರ್?" ಎಂದು ಅಭಿಮಾನಿ ಕೇಳುತ್ತಿದ್ದ.

"ಚೆನ್ನಾಗಿರಬೇಕು" ಎನ್ನುತ್ತಿದ್ದ ಅವನು. ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಭಾನುವಾರ ಒಬ್ಬ ಹೆಂಗಸು ಟವೆಲಿನಲ್ಲಿ ಸುತ್ತಿದ ಕೀಬೋರ್ಡು ಹಿಡಿದು ಬಂದಳು. ಅಭಿಮಾನಿ ಬಿಚ್ಚಿ ನೋಡಿ ಮುಖ ಸಣ್ಣದು ಮಾಡಿದ.

"ಇದರಲ್ಲೇನೂ ವಿಶೇಷವಿಲ್ಲಮ್ಮ. ಇಂಥವು ಬೀದಿಬೀದಿಗೂ ಇದ್ದವು."

"ವಿಶೇಷ ಅಂತ ತರಲಿಲ್ಲಪ್ಪ, ಕೆಟ್ಟಿದೆ ಅಂತ ತಂದೆ."

ಆಕೆಯ ಗಂಡ ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತಿದ್ದವನು. ಲಕ್ವ ಹೊಡೆದು ಮಾತು ನಿಂತಿತ್ತು, ಬಲಗೈ ಬಿದ್ದುಹೋಗಿತ್ತು. ಎಡಗೈಯ ಒಂದು ಬೆರಳಿಗೆ ಮಾತ್ರ ಈ ಕೀಬೋರ್ಡು ನೆನಪಿತ್ತು. ಕೀಗಳ ಮೇಲೆ ಅಂಟಿಸಿದ್ದ ಕನ್ನಡ ಅಕ್ಷರದ ಚೀಟಿಗಳು ಸವೆದುಹೋಗಿದ್ದವು. ಬೆರಳಿಗೆ ಅವು ಬೇಕಿರಲಿಲ್ಲ. ಅದರಲ್ಲೇ ಕಾಫಿ ಕೇಳುತ್ತಿದ್ದ, ಅದರಲ್ಲೇ ಜಗಳವಾಡುತ್ತಿದ್ದ. ಈಗ ಒಂದು ಕೀ ಒತ್ತಿದರೆ ಮೇಲೇಳುತ್ತಿರಲಿಲ್ಲ. ಒಂದೇ ಅಕ್ಷರ ಸಾಲುಗಟ್ಟಲೆ ಬರುತ್ತಿತ್ತು. ಹೊಸದನ್ನು ತಂದುಕೊಟ್ಟರೆ, ಬೇರೆಯವರ ಚಪ್ಪಲಿ ಮೆಟ್ಟಿದವನು ಕಾಲು ತೆಗೆಯುವಂತೆ ಕೈ ತೆಗೆದಿದ್ದ. ಆಮೇಲೆ ಕಾಫಿಯನ್ನೂ ಕೇಳಿರಲಿಲ್ಲ.

"ಜಗಳಾನಾದರೂ ಆಡಲಿ ಅಣ್ಣಾ" ಎಂದಳು ಆಕೆ.

ಸಂಗ್ರಹಕಾರ ಕೀಬೋರ್ಡನ್ನು ಬಿಚ್ಚಿದ. ಆ ಕೀಯ ಸ್ಪ್ರಿಂಗು ಮುರಿದಿತ್ತು. ಹೆಚ್ಚು ಬಳಸದ ಕೀಯೊಂದರಿಂದ ಕಿತ್ತು ಹಾಕೋಣವೆಂದು ಮೂಲೆಯ ಕೀಗಳನ್ನು ಎತ್ತಿದ. ಅಲ್ಲೆಲ್ಲ ಖಾಲಿ. ಕೈ ಆಡುತ್ತಿದ್ದ ಕಾಲದಲ್ಲೇ ಆಕೆಯ ಗಂಡ ಅದೇ ಉಪಾಯ ಮಾಡಿ ಮುಗಿಸಿದ್ದ.

"ಬೇರೆ ಯಾವುದಾದರೂ ಹಾಕಿ ಸರ್, ರಾಶಿ ಬಿದ್ದಿವೆಯಲ್ಲ" ಎಂದ ಅಭಿಮಾನಿ.

"ಅವು ಗಡಸು. ಆ ಬೆರಳಿನಿಂದ ಒತ್ತಲಾಗುವುದಿಲ್ಲ."

ಇಷ್ಟು ಮೆದುವಾದ ಸ್ಪ್ರಿಂಗನ್ನು, ಇದನ್ನೂ ತಯಾರಿಸಿದ್ದ ಆ ಮುಚ್ಚಿಹೋದ ಕಾರ್ಖಾನೆ ಇನ್ಯಾವುದಕ್ಕೆ ಹಾಕಿತ್ತೆಂಬುದು ಆ ಊರಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಬಾಯಿ ಬಿಡದಿದ್ದರೆ ಕೇಳುವವರಿರಲಿಲ್ಲ. ಅವನು ಎದ್ದು ಒಳಗೆ ಹೋಗಿ, ಅಂಟುಪಟ್ಟಿ ಹರಿಯದ ಆ ಪೆಟ್ಟಿಗೆಯನ್ನು ತಂದ.

ಅಭಿಮಾನಿ ಅವನ ಕೈ ಹಿಡಿದುಕೊಂಡ. "ಸರ್, ಬೇಡ! ಇದು ಇರುವುದು ಒಂದೇ!"

"ಇನ್ನೊಂದಿದ್ದರೆ ಅದನ್ನೇ ಬಿಚ್ಚುತ್ತಿದ್ದೆ" ಎಂದ ಸಂಗ್ರಹಕಾರ.

ಅಂಟುಪಟ್ಟಿ ಹರಿದ. ಒಂದು ಕೀ ಎತ್ತಿ, ಸ್ಪ್ರಿಂಗು ತೆಗೆದು, ಆಕೆಯ ಕೀಬೋರ್ಡಿಗೆ ಕೂರಿಸಿದ. ಆಕೆ ಒತ್ತಿದಳು. ಕೀ ಕೆಳಗಿಳಿದು ಮೇಲೆದ್ದಿತು.

ಸಂಗ್ರಹಕಾರ ಕಣ್ಣು ಮುಚ್ಚಿದ್ದ. "ಇನ್ನೊಂದು ಸಲ ಒತ್ತಮ್ಮ" ಎಂದ.

ಆಕೆ ಒತ್ತಿದಳು.

ಟವೆಲಿನಲ್ಲಿ ಅವನೇ ಸುತ್ತಿಕೊಟ್ಟ. "ಮತ್ತೊಂದು ಮುರಿದರೆ ಬಾರಮ್ಮ. ಇದರಲ್ಲಿ ಇನ್ನೂ ಬೇಕಾದಷ್ಟಿವೆ."

ಆಕೆ ಬಂದಳು. ಮತ್ತೆಯೂ ಬಂದಳು. "ಈಗ ವಿಪರೀತ ಬೈತಾರೆ ಅಣ್ಣಾ" ಎಂದು ಒಮ್ಮೆ ದೂರಿದಳು. ದೂರುವಾಗ ಆಕೆಯ ಮುಖ ಅರಳಿತ್ತು. ಸಂಗ್ರಹಕಾರನ ಹೆಂಡತಿ ಆಕೆಯನ್ನು ಕೂರಿಸಿ ಕಾಫಿ ಕೊಟ್ಟಳು. ಕಪಾಟಿನಲ್ಲಿದ್ದ ಆ ಕೀಬೋರ್ಡು ಬರಬರುತ್ತ ಹಲ್ಲು ಬಿದ್ದ ಬಾಯಿಯ ಹಾಗಾಯಿತು. ಅಭಿಮಾನಿ ಅಲ್ಲಿಗೆ ಬರುವುದನ್ನು ಬಿಟ್ಟು, ಬೇರೊಬ್ಬ ಸಂಗ್ರಹಕಾರನನ್ನು ಹುಡುಕಿಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ವೃಷಭೇಂದ್ರನಿಗೆ ತಡೆಯಲಾಗಲಿಲ್ಲ. "ಅಷ್ಟೆಲ್ಲ ತಿಳಿದಿದ್ದೂ, ಇದ್ದ ಒಂದು ಅಪರೂಪದ ವಸ್ತುವನ್ನು ಕಳೆದುಕೊಂಡನಲ್ಲ, ಗುರುಗಳೇ!"

"ಅಷ್ಟು ತಿಳಿದಿರದಿದ್ದರೆ ಅದು ಉಳಿಯುತ್ತಿತ್ತು" ಎಂದರು ಗುರುಗಳು.