ಗೌಡರ ಮುಖದ ಮೇಲಿನ ಕಲ್ಲು

ಸುಳಿಗುಡ್ಡದ ಗಾಳಿ ಕಂಡವರಿಗೇ ಗೊತ್ತು. ಗಾಳಿಯಂತ್ರದ ಕಂಪನಿಯವರೇ ಹುಡುಕಿಕೊಂಡು ಬಂದ ಗುಡ್ಡ ಅದು. ಅದರ ನೆತ್ತಿಯ ಮೇಲೆ ನಮ್ಮ ಮಠ. ಪೂಜ್ಯ ಶ್ರೀ ಮೋನಯ್ಯಜ್ಜನವರು ಅಲ್ಲಿ ಮೂವತ್ತೊಂದು ವರ್ಷ ದಾಸೋಹ ನಡೆಸಿದರು. ಹಸಿದು ಬಂದವರಿಗೆ ಒಂದು ದಿನವೂ ತಡೆಯಿರಿ ಎಂದವರಲ್ಲ. ಆ ಒಲೆಯ ಮುಂದೆ ಅಡುಗೆ ಮಾಡಿದವನು ನಾನು. ಎದೆಯುಬ್ಬಿಸಿಯೇ ಹೇಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.

ಅಲ್ಲಿ ಅಡುಗೆಗಿಂತ ಕಟ್ಟಿಗೆ ಕಾಯುವುದೇ ಕಷ್ಟ. ಒಟ್ಟಿದ ಜಾಲಿಕಟ್ಟಿಗೆಗೆ ತಾಡಪತ್ರಿ ಹೊದಿಸಿದರೆ ಗಾಳಿ ಹಾರಿಸಿಕೊಂಡು ಹೋಗುತ್ತಿತ್ತು. ಸಿಟ್ಟಿಗೆ ನಾವು ಸುತ್ತಲೂ ಬಿಗಿದು ಕಟ್ಟಿದೆವು, ಒಳಗೆ ಬೂಷ್ಟು ಹಿಡಿಯಿತು. ಅಜ್ಜನವರು ಬಂದು ಬಿಚ್ಚಿಸಿದರು. ನೆತ್ತಿಯಷ್ಟೇ ಮುಚ್ಚಿ ಮೂಲೆಗಳಿಗೆ ಕಲ್ಲು ಹೇರಿ, ಮಗ್ಗುಲನ್ನು ಗಾಳಿಗೇ ಬಿಡಿ, ಒಣಗಿಸುವುದು ಅದರ ಕೆಲಸ ಎಂದು ಅಪ್ಪಣೆಯಾಯಿತು.

ಒಂದು ವರ್ಷ ಶ್ರಾವಣದ ಮೊದಲ ಸೋಮವಾರಕ್ಕೆ ಎರಡು ಸಾವಿರ ಜನ ಬರುವವರಿದ್ದರು. ಹಿಂದಿನ ದಿನ ಬೆಳಿಗ್ಗೆ ಬೀಸಿದ ಗಾಳಿಗೆ ತಾಡಪತ್ರಿ ಚಿಂದಿಯಾಯಿತು. ಮಹಾದ್ವಾರಕ್ಕೆ ತೋಟನಗೌಡರು ಕಟ್ಟಿಸಿದ್ದ ಫ್ಲೆಕ್ಸೂ ಕಿತ್ತು ಬಿತ್ತು. ಈ ಗೌಡರು ಆ ಸಲ ಚುನಾವಣೆಗೆ ನಿಂತವರು. ಫ್ಲೆಕ್ಸಿನ ಬಲಕ್ಕೆ ಕೈಮುಗಿದ ಅವರ ದೊಡ್ಡ ಮುಖ, ಎಡಮೂಲೆಯಲ್ಲಿ ಅಂಗೈಯಗಲದ ಅಜ್ಜನವರು. ಪೂಜ್ಯರು ಅದನ್ನು ತಾವೇ ಹೊತ್ತು ತಂದು ಕಟ್ಟಿಗೆಯ ಮೇಲೆ ಹಾಸಿದರು. ತಮ್ಮ ಚಿತ್ರದ ಮೇಲೆ ಕೈಯಾರೆ ಕಲ್ಲಿಟ್ಟರು, ಇನ್ನೆರಡು ಮೂಲೆಗೂ ಇಟ್ಟರು. ಗೌಡರ ಮುಖವಿದ್ದ ಮೂಲೆಯನ್ನು ಮಾತ್ರ ಹಾಗೇ ಬಿಟ್ಟರು. ಯಾಕೆಂದು ಕೇಳುವ ಧೈರ್ಯ ನಮಗಿರಲಿಲ್ಲ.

ಮಧ್ಯಾಹ್ನ ಗೌಡರು ಜೀಪಿನಿಂದ ಇಳಿದವರೇ ಕೆಂಡವಾದರು. ಪೂಜ್ಯರ ಭಾವಚಿತ್ರದ ಮೇಲೆ ಕಲ್ಲು ಹೇರಿದ ಪಾಪಿ ಯಾರು, ಮಠದಲ್ಲೇ ಇಂಥ ಅಪಚಾರವೇ, ಈಗಲೇ ತೆಗೆದುಕೊಡಿ ಎಂದು ನಮ್ಮ ಮೇಲೆ ಹರಿಹಾಯ್ದರು. ಉರಿದದ್ದು ಯಾವ ಮುಖಕ್ಕೆಂದು ನಮಗೇನು ತಿಳಿಯದೇ? ಅಷ್ಟರಲ್ಲಿ ಪಡುವಣ ಕಪ್ಪಿಟ್ಟಿತು. ನಾಲ್ಕು ಹನಿ ಬಿದ್ದವು. ಬಿಟ್ಟ ಮೂಲೆ ಪಟಪಟ ಬಡಿಯತೊಡಗಿತು. ಕಟ್ಟಿಗೆ ನೆನೆದರೆ ನಾಳೆ ಹೊಗೆಯೇ ಗತಿ, ಹುಗ್ಗಿ ಬೇಯುವುದಿಲ್ಲ, ಹಸಿದವರನ್ನು ಕಾಯಿಸದ ಮೂವತ್ತು ವರ್ಷದ ನೇಮ ಮುರಿದು ಬೀಳುತ್ತದೆ.

ಕಟ್ಟಿಗೆ ಒಟ್ಟುತ್ತಿದ್ದ ಅಜ್ಜನವರು ಈಚೆ ಬಂದರು. ಒಂದು ಕಲ್ಲನ್ನು ಗೌಡರ ಕಾಲ ಹತ್ತಿರ ಇಟ್ಟರು.

“ಗೌಡ್ರ, ನನ್ನ ಮಾರಿ ಮ್ಯಾಲೆ ನಾನ ಕಲ್ಲಿಟ್ಟೇನಿ. ನಿಮ್ಮ ಮಾರಿ ಮ್ಯಾಲೆ ಇಡಾಕ ನನಗ ಹಕ್ಕಿಲ್ಲ.”

ಅಷ್ಟೇ ಅಂದು ಮತ್ತೆ ಕಟ್ಟಿಗೆಯ ಕಡೆ ತಿರುಗಿದರು.

ಗೌಡರು ಒಮ್ಮೆ ಕಲ್ಲು ನೋಡಿದರು, ಒಮ್ಮೆ ಹಾರಾಡುತ್ತಿದ್ದ ತಮ್ಮ ಮುಖ ನೋಡಿದರು. ಮಳೆ ಜೋರಾಯಿತು. ಬಿಳಿ ಅಂಗಿಯ ತೋಳು ಏರಿಸಿ, ಕಲ್ಲೆತ್ತಿ, ತಮ್ಮದೇ ಹಣೆಯ ಮೇಲೆ ಇಟ್ಟರು. ಗಾಳಿ ಅದನ್ನೂ ಅಲ್ಲಾಡಿಸಿತು. ಇನ್ನೊಂದು ಇಟ್ಟರು. ಸಾಲದಾಗ ಎರಡೂ ಕೈಯಿಂದ ಆ ಮೂಲೆಯನ್ನು ಅದುಮಿ ಹಿಡಿದು ಮಳೆ ನಿಲ್ಲುವವರೆಗೂ ತೊಯ್ದು ತೊಪ್ಪೆಯಾಗಿ ನಿಂತರು. ಎದುರಿನ ಮೂಲೆ ಹಿಡಿದು ಪೂಜ್ಯರೂ ನಿಂತಿದ್ದರು.

ಮರುದಿನ ಒಂದೇ ಕಡ್ಡಿಗೆ ಒಲೆ ಹತ್ತಿತು. ಎರಡು ಸಾವಿರ ಜನ ಗೋದಿ ಹುಗ್ಗಿ ಉಂಡರು, ಒಬ್ಬರೂ ಕಾಯಲಿಲ್ಲ. ಗೌಡರು ಮೈಕಿನ ಹತ್ತಿರ ಸುಳಿಯದೆ ಸಂಜೆಯವರೆಗೂ ಒಲೆಗೆ ಕಟ್ಟಿಗೆ ಹೊತ್ತು ಹಾಕಿದರು.

ಪೂಜ್ಯರು ಲಿಂಗೈಕ್ಯರಾಗಿ ಈಗ ಎರಡು ವರ್ಷ. ಕಟ್ಟಿಗೆಗೆ ಇಂದಿಗೂ ಆ ಫ್ಲೆಕ್ಸನ್ನೇ ಹೊದಿಸುತ್ತೇವೆ. ಅದರಲ್ಲಿದ್ದ ಇಬ್ಬರ ಮುಖಗಳೂ ಬಿಸಿಲಿಗೆ ಅಳಿಸಿ ಬೆಳ್ಳಗಾಗಿವೆ, ಯಾವುದು ಯಾರ ಕಡೆಯೆಂದು ನಮಗೆ ಗುರುತೇ ಸಿಗುವುದಿಲ್ಲ. ತೋಟನಗೌಡರಿಗೆ ಸಿಗುತ್ತದೆ. ಶ್ರಾವಣ ಹತ್ತಿರವಾದಾಗ ಬಂದು, ಅಜ್ಜನವರ ಮೂಲೆಗೆ ಕೈಮುಗಿದು, ತಮ್ಮ ಮೂಲೆಗೆ ಮೊದಲ ಕಲ್ಲು ಇಡುತ್ತಾರೆ.