ಜುಟ್ಟವ್ವನ ಉಸಿರು

ಕೂಸಿಗೆ ನೀರೆರೆಯುವುದರಲ್ಲಿ ಹಾಲವ್ವನನ್ನು ಮೀರಿಸುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಎರಡೂ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರೆರೆದು, ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಾಕಿದಳೆಂದರೆ ಮುಗಿಯಿತು. ಎಂಥ ಹಟದ ಕೂಸಾದರೂ ಮಧ್ಯಾಹ್ನದ ತನಕ ಕಣ್ಣು ಬಿಡುತ್ತಿರಲಿಲ್ಲ.

ಒಂದು ದಿನ ಸೊಸೆ ಶೈಲಾ ಪುಟ್ಟ ಬುಟ್ಟಿಯೊಂದನ್ನು ಹಿಡಿದು ಬಂದಳು. ಅದರೊಳಗೆ ಮೂರು ವಾರದ ಕಾಕಟೀಲ್ ಮರಿ. ಗಿಣಿಯ ಬಳಗದ್ದೇ, ಆದರೆ ಹಸಿರಲ್ಲ, ಬೂದು. ಗರಿ ಇನ್ನೂ ಬಿಚ್ಚದೆ ಮೈಯೆಲ್ಲ ಮುಳ್ಳುಮುಳ್ಳಾಗಿತ್ತು. ತಲೆಯ ಮೇಲಿನ ಜುಟ್ಟು ಮಾತ್ರ ಆಗಲೇ ನೆಟ್ಟಗೆ ನಿಂತಿತ್ತು. ತಾಯಿಹಕ್ಕಿ ಗುಟುಕು ಕೊಡುವುದನ್ನು ನಿಲ್ಲಿಸಿಬಿಟ್ಟಿದೆಯೆಂದು ಹಕ್ಕಿ ಸಾಕುವ ಗೆಳತಿಯೊಬ್ಬಳು ಶೈಲಾಳ ಕೈಗೆ ಕೊಟ್ಟಿದ್ದಳು.

"ಅತ್ತಿ, ಮೂರು ತಾಸಿಗೊಮ್ಮೆ ಉಗುರುಬೆಚ್ಚಗಿನ ಗಂಜಿ ಕುಡಿಸಬೇಕಂತ. ಎಣ್ಣಿ, ಹೊಗಿ ಮಾತ್ರ ಇದರ ಹತ್ತಿರ ಸುಳೀಬಾರದಂತ."

ಹಾಲವ್ವ ನಕ್ಕಳು. "ನಿನ್ನ ಗಂಡನ್ನ ಬೆಳೆಸಿದಾಕಿ ನಾನು. ಈ ಹಿಡಿಯಷ್ಟು ಜೀವ ನನಗ ಕಲಿಸ್ತದೇನು?"

ಮರಿಗೆ ಜುಟ್ಟವ್ವ ಎಂದು ಹೆಸರಿಟ್ಟಳು. ಹೊತ್ತು ಹೊತ್ತಿಗೆ ಗಂಜಿ ಕುಡಿಸಿದಳು. ಗಂಟಲ ಕೆಳಗಿನ ಚೀಲ ತುಂಬಿ ಗುಂಡಗಾದಾಗ ಅದು ಜುಟ್ಟು ಮಲಗಿಸಿ, ಅವಳ ಅಂಗೈಯಲ್ಲೇ ಕಣ್ಣು ಮುಚ್ಚುತ್ತಿತ್ತು. ಹಾಲವ್ವನಿಗೆ ಅಷ್ಟು ಸಾಕಾಗಿತ್ತು, ಕರಗಿ ಹೋದಳು.

ಆ ಮಂಗಳವಾರ ಶೈಲಾ ಕೆಲಸಕ್ಕೆ ಹೋಗಿದ್ದಳು. ಮರಿಯ ಮೈಮೇಲೆ ಗಂಜಿ ಒಣಗಿ ಅಂಟಿತ್ತು. ಕೊಳೆಯಲ್ಲೇ ಇದ್ದರೆ ಕೂಸು ಬೆಳೆದೀತೇ ಎಂದುಕೊಂಡು ಹಾಲವ್ವ ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿದಳು. ನೆತ್ತಿಗೆ ಒಂದು ಬೊಟ್ಟು ಹರಳೆಣ್ಣೆ ಇಟ್ಟು ಬೆನ್ನಿನವರೆಗೂ ಸವರಿದಳು. ಆಮೇಲೆ ಕೆಂಡ ತಂದು, ಲೋಬಾನ ಉದುರಿಸಿ, ಮರಿಯಿದ್ದ ಬುಟ್ಟಿಯನ್ನು ಹೊಗೆಗೆ ಹಿಡಿದಳು. ಕೂಸಿಗೆ ಹಿಡಿದ ಹಾಗೆಯೇ.

ಜುಟ್ಟವ್ವ ನಿದ್ದೆ ಮಾಡಲಿಲ್ಲ. ಬಾಯಿ ತೆರೆಯಿತು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ತುಯ್ದಾಡಿತು. ಹಾಲವ್ವ ಕೆಂಡವನ್ನು ಬದಿಗೆ ತಳ್ಳಿದಳು. ಮರಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಆಟೋ ಹತ್ತಿ ದನದ ದವಾಖಾನೆಗೆ ಓಡಿದಳು.

ಅಲ್ಲಿ ಬೆಂಚಿನ ಮೇಲೆ ಅವಳದೇ ಓಣಿಯ ರತ್ನಾ ಆಡಿನ ಮರಿ ಹಿಡಿದು ಕೂತಿದ್ದಳು. ಅವಳ ಮೂರು ತಿಂಗಳ ಮಗಳಿಗೆ ದಿನಾ ನೀರೆರೆಯುವುದು ಹಾಲವ್ವನೇ.

"ಏನಬೇ ಅಜ್ಜಿ, ಓಣಿ ಕೂಸುಗಳೆಲ್ಲಾ ಮುಗಿದು ಈಗ ಹಕ್ಕಿ ಬಾಣಂತನಕ್ಕ ನಿಂತೀಯೇನು?" ಎಂದು ರತ್ನಾ ನಕ್ಕಳು.

ಡಾಕ್ಟರು ಮರಿಯನ್ನು ಮೇಜಿನ ಮೇಲೆ ಮಲಗಿಸಿದರು. "ತಂಡಿ ಹತ್ತಿರಬೇಕು. ಬಟ್ಟಿ ಮುಚ್ಚಿ ದೀಪದ ಬಿಸಿಗೆ ಇಡ್ತೀನಿ. ಬ್ಯಾರೆ ಏನರ ಆಗಿತ್ತೇನ್ರಿ ಅಮ್ಮಾ?"

ಹಾಲವ್ವ ಬೆಂಚಿನ ಮೇಲಿದ್ದ ರತ್ನಾಳ ಕಡೆ ತಿರುಗಿ ನೋಡಿದಳು. ತಂಡಿ ಎಂದು ಡಾಕ್ಟರೇ ಹೇಳಿದ್ದಾರೆ. ಹೌದೆಂದು ತಲೆಯಾಡಿಸಿದರೆ ಮರ್ಯಾದೆ ಉಳಿಯುತ್ತದೆ. ಇದ್ದದ್ದು ಹೇಳಿದರೆ ರತ್ನಾ ಕೇಳಿಸಿಕೊಳ್ಳುತ್ತಾಳೆ, ಸಂಜೆಯೊಳಗೆ ಓಣಿಯೇ ಕೇಳಿಸಿಕೊಳ್ಳುತ್ತದೆ. ನಾಳೆ ಯಾರು ಕೂಸನ್ನು ಇವಳ ಕಾಲ ಮೇಲೆ ಹಾಕುತ್ತಾರೆ? ಆದರೆ ಗಾಳಿಗೆ ಬಾಯಿ ಬಿಡುತ್ತಿರುವ ಜೀವದ ಮೇಲೆ ಡಾಕ್ಟರು ಬಟ್ಟೆ ಮುಚ್ಚಲು ಹೊರಟಿದ್ದರು.

"ಮುಚ್ಚಬ್ಯಾಡ್ರಿ," ಎಂದಳು ಹಾಲವ್ವ. "ತಂಡಿ ಅಲ್ಲ. ನಾನ ಎಣ್ಣಿ ಹಚ್ಚೀನಿ, ಹೊಗಿ ಹಾಕೀನಿ. ಬ್ಯಾಡ ಅಂತ ಸೊಸಿ ಹೇಳಿದ್ದಳು. ನಾನ ಕೇಳಲಿಲ್ಲ."

ರತ್ನಾಳ ನಗು ನಿಂತಿತು. ಡಾಕ್ಟರು ಬಟ್ಟೆಯನ್ನು ಪಕ್ಕಕ್ಕೆಸೆದು, ಕೊಳವೆ ತಂದು ಮರಿಯ ಮೂಗಿಗೆ ಆಮ್ಲಜನಕ ಹಿಡಿದರು. ಮೈಮೇಲಿನ ಎಣ್ಣೆಯನ್ನು ಮೆಲ್ಲಗೆ ತೆಗೆದರು. ಒಂದು ತಾಸು ಕಳೆದ ಮೇಲೆ ಬಾಲ ತುಯ್ಯುವುದು ನಿಂತಿತು.

"ಹೇಳಿದ್ದು ಚಲೋ ಆತ್ರಿ," ಎಂದರು ಡಾಕ್ಟರು. "ಹಕ್ಕಿ ಉಸಿರು ಭಾಳ ನಾಜೂಕು. ಸುಮ್ಮನಿದ್ದಿದ್ದರ ಇದು ಉಳೀತಿರಲಿಲ್ಲ."

ಮರುದಿನ ಬೆಳಿಗ್ಗೆ ಯಾರೂ ಬರಲಿಕ್ಕಿಲ್ಲವೆಂದು ಹಾಲವ್ವ ನೀರೊಲೆಯನ್ನೇ ಹಚ್ಚಲಿಲ್ಲ. ರತ್ನಾ ಮಗಳನ್ನೆತ್ತಿಕೊಂಡು ಬಂದು ಹೊಸ್ತಿಲಲ್ಲಿ ನಿಂತಳು. "ನೀರು ಕಾಸಿಲ್ಲೇನಬೇ? ತಪ್ಪು ಮಾಡಿದ್ದು ಹೇಳಾಕಿ ಕೈಯಾಗ ಕೂಸು ಕೊಡಾಕ ನನಗ ಭಯ ಇಲ್ಲ. ಹೊಗಿ ಬಗ್ಗೆ ಮಾತ್ರ ಕೂಸಿನ ಡಾಕ್ಟರನ್ನೂ ಒಂದು ಮಾತು ಕೇಳೋಣು."

"ಹೂಂ, ಕೇಳೋಣವ್ವಾ," ಎಂದಳು ಹಾಲವ್ವ.

ಅಂದಿನಿಂದ ಅವಳು ಜುಟ್ಟವ್ವನ ವಿಷಯದಲ್ಲಿ ಮೊದಲು ನೋಡುವುದು, ಆಮೇಲೆ ಕೇಳುವುದು, ಕಡೆಗೆ ಕೈ ಹಾಕುವುದು ಎಂದು ಮಾಡಿಕೊಂಡಳು. ಗಂಜಿ ಬೇಡವೆಂದು ಮರಿ ಮುಖ ತಿರುಗಿಸಿದಾಗ ತುರುಕಲಿಲ್ಲ, ನವಣೆ ತೆನೆ ಮುಂದಿಟ್ಟಳು. ಅದು ಮೊದಲು ಆಟವಾಡಿತು, ಆಮೇಲೆ ಸುಲಿಯಲು ಕಲಿಯಿತು. ಆರು ತಿಂಗಳಿಗೆ ಗರಿ ಉದುರಿದಾಗ ಔಷಧಿ ಅರೆಯಲು ಕೂರಲಿಲ್ಲ. ಹಳೆಯದು ಬಿದ್ದು ಹೊಸದು ಬರುವ ಕಾಲ ಅದು, ತಾನಾಗಿಯೇ ಬಂತು. ಜೊತೆಯಿಲ್ಲದೆಯೂ ಮೊಟ್ಟೆ ಇಟ್ಟಾಗ, "ತೆಗೆದು ಬಿಸಾಕು" ಎಂದವರ ಮಾತು ಕೇಳದೆ ಡಾಕ್ಟರನ್ನು ಕೇಳಿದಳು. ತೆಗೆದರೆ ಮತ್ತೆ ಮತ್ತೆ ಇಟ್ಟು ಸೊರಗುತ್ತದೆ, ಕಾವು ಕೂತು ತಾನೇ ಬೇಸತ್ತು ಬಿಡಲಿ ಎಂದರು ಅವರು. ಹಾಗೇ ಆಯಿತು.

ಹದಿನಾರು ವರ್ಷ ತುಂಬಿದ ಮೇಲೆ ಜುಟ್ಟವ್ವನ ಕಾಲಿನ ಹಿಡಿತ ಸಡಿಲವಾಯಿತು. ಪಂಜರದ ಕಡ್ಡಿಯಿಂದ ಜಾರಿ ಬೀಳತೊಡಗಿತು. ಹಾಲವ್ವ ಎರಡು ದಿನ ಪಕ್ಕದಲ್ಲೇ ಕೂತು ನೋಡಿದಳು. ಆಮೇಲೆ ಕಡ್ಡಿ ತೆಗೆಸಿ, ನೆಲಕ್ಕೆ ಹತ್ತಿರವಾಗಿ ಒಂದು ಅಗಲ ಹಲಗೆ ಕಟ್ಟಿಸಿದಳು.

"ಅತ್ತಿ, ಅದಕ್ಕ ಬೇಕಾದ್ದು ನಿಮಗ ಹೆಂಗ ತಿಳೀತು?" ಎಂದು ಕೇಳಿದಳು ಶೈಲಾ.

"ನನಗೇನೂ ತಿಳೀಲಿಲ್ಲವ್ವಾ," ಎಂದಳು ಹಾಲವ್ವ. "ಅದರ ಕಾಲು ಹೇಳಿತು."

ಮುದಿಹಕ್ಕಿ ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟು ನೋಡಿತು. ಇನ್ನೊಂದು ಹೆಜ್ಜೆ ಇಟ್ಟಿತು. ಅಲ್ಲೇ ಮೈ ಉಬ್ಬಿಸಿಕೊಂಡು ಕೂತಿತು.

ನೀತಿ: ಮಕ್ಕಳೇ, ಸಾಕಿದ ಜೀವಕ್ಕೆ ಪ್ರೀತಿಯೊಂದೇ ಸಾಲದು. ಮರಿಯಾಗಿದ್ದಾಗ ಅದಕ್ಕೆ ಬೇಕಾದದ್ದು ಬೇರೆ, ಮುದಿಯಾದಾಗ ಬೇಕಾದದ್ದು ಬೇರೆ. ನನಗೆಲ್ಲ ಗೊತ್ತು ಎನ್ನುವುದನ್ನು ಬದಿಗಿಟ್ಟು ಅದನ್ನು ನೋಡಿ ಕಲಿಯಿರಿ. ತಪ್ಪಿದಾಗ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ, ಹೇಳಿದ ತಪ್ಪಿಗೆ ಮದ್ದು ಸಿಕ್ಕೀತು.