ಊಟದಿಂದ ಎದ್ದ ಗಿಡುಗ

ಪ್ರವಾಸಕ್ಕೆ ಹೊರಡುವ ಮುಂಚೆ ನೀಲಗಂಗಮ್ಮ ಗಂಡನನ್ನು ಕೇಳಿಕೊಂಡದ್ದು ಒಂದೇ ಮಾತು.

“ನನಗ ಗುಡಿ ನೋಡಬೇಕು, ಸೀರಿ ತಗೋಬೇಕು ಅಂತೇನೂ ಇಲ್ರಿ. ಒಂದು ಊಟ ಪೂರಾ ಕುಂತು ಉಣಬೇಕು. ನಡುವ ಏಳಲಾರದ.”

ಗುರುಪಾದಪ್ಪ ನಕ್ಕುಬಿಟ್ಟ. “ಇಷ್ಟ ಏನು? ದಿನಾ ಉಣಸ್ತೀನಿ ನಡಿ” ಅಂದ.

ನಗುವ ಮಾತಲ್ಲ ಅದು. ಮದುವೆಯಾಗಿ ಗದಗಿನ ಆ ಮನೆಗೆ ಬಂದಾಗಿನಿಂದ ನೀಲಗಂಗಮ್ಮ ಒಂದು ಊಟವನ್ನೂ ಕೂತಲ್ಲೇ ಮುಗಿಸಿದವಳಲ್ಲ. ತಾಟಿನ ಮುಂದೆ ಕೂತು ರೊಟ್ಟಿ ಮುರಿದಳೋ ಇಲ್ಲವೋ, ಮಾವನಿಗೆ ನೀರು ಬೇಕು. ಕೂತಳು, ಮಗನಿಗೆ ಮೊಸರು ಬೇಕು. ಮತ್ತೆ ಕೂತಳು, ಬಾಗಿಲಲ್ಲಿ ಯಾರೋ ಕರೆದರು. ಮಾವ ತೀರಿಕೊಂಡರು, ಮಗ ದೊಡ್ಡವನಾಗಿ ನೌಕರಿಗೆ ಸೇರಿದ, ಗಂಡ ಹೈಸ್ಕೂಲಿನ ಹೆಡ್ ಮಾಸ್ತರಿಕೆಯಿಂದ ನಿವೃತ್ತನಾದ. ನೀಲಗಂಗಮ್ಮನಿಗೆ ಮಾತ್ರ ನಿವೃತ್ತಿ ಬರಲಿಲ್ಲ. ಅಡುಗೆಮನೆಗೆ ಪಿಂಚಣಿ ಎಲ್ಲಿದೆ? ಆಕೆಗೆ ದಣಿವಾಗಿತ್ತು. ಮಲಗಿ ಎದ್ದರೆ ಹೋಗುವ ದಣಿವಾಗಿರಲಿಲ್ಲ ಅದು.

ನಿವೃತ್ತಿಯಾದ ಮೇಲೆ ಗುರುಪಾದಪ್ಪನಿಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹತ್ತಿತ್ತು. ಮೊಳದುದ್ದದ ಲೆನ್ಸಿನ ಕ್ಯಾಮೆರಾ ಕೊಂಡಿದ್ದ. ಗುಬ್ಬಿ, ಕೊಕ್ಕರೆ, ಮಿಂಚುಳ್ಳಿ ಎಲ್ಲ ಆಗಿದ್ದವು. ರೆಕ್ಕೆ ಬಿಚ್ಚಿದ ಗಿಡುಗ ಒಂದು ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ ಪ್ರವಾಸ ಹೊರಟದ್ದೇ ಅದಕ್ಕೆ. ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೇ. ಗದಗಿನಿಂದ ವಿಜಯಪುರದ ಕಡೆಗೆ ದಾರಿ. ಎರಡೂ ಬದಿಗೆ ಎರೆಹೊಲ, ಹೊಲದ ಉದ್ದಕ್ಕೂ ಕರೆಂಟು ಕಂಬ.

ಕೊಟ್ಟ ಮಾತು ಮೊದಲ ದಿನವೇ ಮುರಿಯಿತು. ಖಾನಾವಳಿಯಲ್ಲಿ ನೀಲಗಂಗಮ್ಮ ಎರಡು ತುತ್ತು ಉಂಡಿರಬಹುದು, “ಛಲೋ ಬೆಳಕು ಹೋಗತೈತಿ, ಏಳ ಏಳ” ಎಂದು ಗಂಡ ಎಬ್ಬಿಸಿದ. ಎರಡನೆಯ ದಿನ ಊಟದ ಹೊತ್ತಿಗೆ ಸರಿಯಾಗಿ ಮಗ ಫೋನು ಮಾಡಿದ, ಕುಕ್ಕರಿನ ರಬ್ಬರು ಎಲ್ಲಿದೆ ಎಂದು ಕೇಳಲಿಕ್ಕೆ. ಹೋಟೆಲಿನ ಗದ್ದಲದಲ್ಲಿ ಮಾತು ಕೇಳಿಸಲಿಲ್ಲ. ಆಕೆ ಎಂಜಲು ಕೈಯಲ್ಲೇ ಹೊರಗೆ ಬಂದು ನಿಂತು ಹೇಳಿದಳು. ತಿರುಗಿ ಹೋಗಿ ನೋಡಿದರೆ ತಾಟು ಎತ್ತಿ ಮೇಜು ಒರೆಸಿ ಆಗಿತ್ತು.

ಮೂರನೆಯ ದಿನ ಕೃಷ್ಣಾ ನದಿ ದಾಟಿದ ಮೇಲೆ ಒಂದು ಬೇವಿನ ಮರದ ನೆರಳು ಸಿಕ್ಕಿತು. ನೀಲಗಂಗಮ್ಮ ಚಾದರ ಹಾಸಿ, ಬೆಳಿಗ್ಗೆ ಖಾನಾವಳಿಯಲ್ಲಿ ಕಟ್ಟಿಸಿಕೊಂಡಿದ್ದ ಬುತ್ತಿ ಬಿಚ್ಚಿದಳು. ಕಟಕ್ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಇಲ್ಲಿ ನೀರು ಕೇಳುವ ಮಾವನಿಲ್ಲ, ಫೋನಿಗೆ ಸಿಗ್ನಲ್ ಕೂಡ ಇಲ್ಲ. ಮರಕ್ಕೆ ಬೆನ್ನು ಕೊಟ್ಟು ಆಕೆ ಒಂದು ದೊಡ್ಡ ಉಸಿರು ಬಿಟ್ಟಳು.

ಎದುರಿನ ಕಂಬದ ಮೇಲೆ ಗಿಡುಗವೊಂದು ಕೂತಿತ್ತು. ಬಡಕಲು ಗಿಡುಗ. ಬಿಸಿಲಿಗೆ ಬಾಯಿ ತೆರೆದು ಏದುತ್ತಿತ್ತು. ನೋಡುತ್ತಿದ್ದಂತೆ ಅದು ಹೊಲಕ್ಕೆ ಎರಗಿತು. ಖಾಲಿ ಕಾಲಲ್ಲೇ ತಿರುಗಿ ಬಂತು. ಮತ್ತೆ ಎರಗಿತು, ಮತ್ತೆ ಏನೂ ಸಿಗಲಿಲ್ಲ. “ಅದೂ ದಣದೈತಿ ಪಾಪ” ಅಂದುಕೊಂಡಳು ನೀಲಗಂಗಮ್ಮ. ಮೂರನೆಯ ಸಲ ಹಾರಿದಾಗ ಇಲಿ ಸಿಕ್ಕಿತು. ಗಿಡುಗ ಹೊಲದ ಬದುವಿನ ಮೇಲೇ ಕೂತು, ಇಲಿಯನ್ನು ಕಾಲಲ್ಲಿ ಒತ್ತಿ ಹಿಡಿದು, ತಿನ್ನಲು ತೊಡಗಿತು.

ಗುರುಪಾದಪ್ಪ ತುತ್ತು ಬಿಟ್ಟು ಕ್ಯಾಮೆರಾ ಹಿಡಿದ.

“ಏ ನೀಲಾ, ಏಳ! ಅದು ಹಿಂಗ ಕುಂತ್ರ ಫೋಟೋದಾಗ ಬರೇ ಬೆನ್ನು ಬರತೈತಿ. ಆ ಕಡಿಂದ ಹೋಗಿ ಜೋರಾಗಿ ಚಪ್ಪಾಳಿ ಹೊಡಿ. ರೆಕ್ಕಿ ಬಿಚ್ಚಿ ಈ ಕಡಿ ಹಾರತೈತಿ.”

ನೀಲಗಂಗಮ್ಮ ಆಗಷ್ಟೇ ರೊಟ್ಟಿ ಮುರಿದಿದ್ದಳು. ಆದರೂ ಎದ್ದಳು. ಅಷ್ಟು ವರ್ಷದ ರೂಢಿ ನೋಡಿ, ಮನಸ್ಸು ಒಪ್ಪುವ ಮೊದಲೇ ಮೊಣಕಾಲು ಎದ್ದಿದ್ದವು. ಬಿಸಿಲಲ್ಲಿ ಹೊಲ ಸುತ್ತಿ ಆ ಬದಿಗೆ ಹೋದಳು. ಗಿಡುಗ ತಲೆ ಎತ್ತಿ ಆಕೆಯನ್ನು ನೋಡಿತು. ಹಾರಲಿಲ್ಲ. ಗಬಕ್ಕನೆ ಇನ್ನೊಂದು ತುತ್ತು ಹರಿದು ನುಂಗಿತು. ಯಾರಾದರೂ ಎಬ್ಬಿಸುವ ಮೊದಲು ಹೊಟ್ಟೆಗೆ ಇಷ್ಟಾದರೂ ಬೀಳಲಿ ಎಂಬ ಅವಸರ ಅದು. ಆ ಅವಸರ ನೀಲಗಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಎತ್ತಿದ ಕೈಗಳನ್ನು ಕೆಳಗಿಳಿಸಿದಳು.

“ಹೊಡಿ ಅಂದ್ರ!”

“ನಾ ಒಲ್ಲೆರಿ. ಉಣ್ಣಾಕ ಕುಂತದ್ದನ್ನ ಎಬ್ಬಸಬಾರದು.”

“ಪಕ್ಷಿಗೆ ಎಂಥಾ ಪಂಕ್ತಿ ಊಟ! ಒಮ್ಮೆ ಎದ್ರ ಏನಾತು? ತಿರುಗಿ ಬಂದು ತಿಂತೈತಿ.”

“ತಿರುಗಿ ಬಂದಾಗ ಅಲ್ಲಿ ಇರಬೇಕಲ್ರಿ.”

ಗುರುಪಾದಪ್ಪನಿಗೆ ತಾಳ್ಮೆ ಎಲ್ಲಿಯದು? ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿ “ಹೋಯ್!” ಎಂದು ತಾನೇ ಅರಚಿದ. ಗಿಡುಗ ಬೆಚ್ಚಿ ಎದ್ದಿತು. ಎರಡೂ ರೆಕ್ಕೆ ಅಗಲವಾಗಿ ತೆರೆದವು, ಬಿಸಿಲು ಗರಿಗರಿಯಲ್ಲೂ ಹಾಯಿತು. ಫೋಟೋ ಸಿಕ್ಕಿತು. ಇಲಿ ಬದುವಿನ ಮೇಲೇ ಉಳಿಯಿತು, ಮರುಗಳಿಗೆಗೆ ಕಾಗೆಗಳು ಬಂದು ಮುತ್ತಿದವು. ಗಿಡುಗ ಮೇಲೆ ಎರಡು ಸುತ್ತು ಹೊಡೆದು, ಮೊದಲಿನ ಕಂಬಕ್ಕೇ ಹೋಗಿ, ಮೊದಲಿನಂತೆಯೇ ಬಾಯಿ ತೆರೆದು ಕೂತಿತು.

ನೀಲಗಂಗಮ್ಮ ಮರದ ಕೆಳಗೆ ಬರುವಷ್ಟರಲ್ಲಿ ಆಕೆಯ ತಾಟಿಗೆ ಇರುವೆ ಹತ್ತಿದ್ದವು.

“ಮುಂದಿನ ಊರಾಗ ಉಂಡ್ರಾತು ತಗೋ” ಅಂದ ಗಂಡ. ಆಕೆ ಚಾದರ ಝಾಡಿಸಿ ಮಡಚಿದಳು.

ಊರಿಗೆ ಬಂದ ಮೇಲೆ ಆ ಫೋಟೋಕ್ಕೆ ಎಲ್ಲಿಲ್ಲದ ಹೆಸರು ಬಂತು. ಬಂದವರೆಲ್ಲ ಶಹಬ್ಬಾಸ್ ಎಂದರು. ಗುರುಪಾದಪ್ಪ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಊಟದ ಮೇಜಿನ ಎದುರಿನ ಗೋಡೆಗೆ ತೂಗುಹಾಕಿದ. ಒಂದು ಭಾನುವಾರ ಅವನ ಹಳೆಯ ಜೊತೆಗಾರ ವಿರೂಪಣ್ಣ ಮಾಸ್ತರರು ಊಟಕ್ಕೆ ಬಂದರು. ಬಡಿಸಿದ ಮೇಲೆ ನೀಲಗಂಗಮ್ಮನೂ ಕೂತಳು.

“ಆಹಾ, ಏನ್ ಹಾರಾಟರೀ ಇದು!” ಎಂದರು ವಿರೂಪಣ್ಣ, ಗೋಡೆ ನೋಡಿ.

ಗುರುಪಾದಪ್ಪ ಉಬ್ಬಿಹೋದ. “ಏ ನೀಲಾ, ಮಜ್ಜಿಗಿ ತಾ” ಅಂದ.

ನೀಲಗಂಗಮ್ಮ ಫೋಟೋ ನೋಡುತ್ತಿದ್ದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು.

“ಅದು ಹಾರಾಟ ಅಲ್ರಿ ಅಣ್ಣಾರ. ಉಣ್ಣಾಕ ಕುಂತಿತ್ತು. ಎಬ್ಬಿಸಿದ್ರು. ಎದ್ದು ಹೊಂಟೈತಿ.”

ಗುರುಪಾದಪ್ಪ ಫೋಟೋವನ್ನು ಮತ್ತೊಮ್ಮೆ ನೋಡಿದ. ಕೆಳಗೆ ಮೂಲೆಯಲ್ಲಿ, ಬದುವಿನ ಮೇಲೆ, ಅರ್ಧ ತಿಂದ ಇಲಿ ಇತ್ತು. ಇಷ್ಟು ದಿನ ಅದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆಮೇಲೆ ಹೆಂಡತಿಯ ತಾಟು ನೋಡಿದ. ಒಂದು ತುತ್ತು ಮುರಿದ ರೊಟ್ಟಿ. ಮಾತು ಆಡಿದವಳೇ ಮಜ್ಜಿಗೆ ತರಲೆಂದು ಮೇಜಿಗೆ ಕೈ ಊರಿದ್ದಳು. ಅವನಿಗೆ ನಾಚಿಕೆಯಾಯಿತು. “ನೀ ಕುಂದ್ರು” ಎನ್ನುತ್ತ ತಾನೇ ಎದ್ದ.

ನೀಲಗಂಗಮ್ಮ ಅವನ ತೋಳು ಹಿಡಿದು ಕೂರಿಸಿದಳು.

“ನೀವೂ ಏಳಬ್ಯಾಡ್ರಿ. ಉಣ್ಣೂವಾಗ ಯಾರೂ ಏಳಬಾರದು. ಮಜ್ಜಿಗಿ ಊಟಾದ ಮ್ಯಾಲೆ ಕುಡಿಯೂಣಂತ.”

ಮೂವರೂ ಉಂಡರು. ಯಾರೂ ಏಳಲಿಲ್ಲ. ನೀಲಗಂಗಮ್ಮ ಕಡೆಯ ತುತ್ತಿನವರೆಗೂ ಕೂತೇ ಉಂಡಳು. ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ಅನ್ನಿಸಿ, ಸಂತೋಷಕ್ಕಿಂತ ಮೊದಲು ಆಕೆಗೆ ಅಳು ಬಂತು.

ನೀತಿ: ಎಬ್ಬಿಸುವವರಿಗೆ ಅದು ಒಂದು ಗಳಿಗೆಯ ಮಾತು, ಏಳುವವರಿಗೆ ಅದು ಒಂದು ಹೊತ್ತಿನ ಊಟ. ನಮ್ಮ ಸಂತೋಷಕ್ಕಾಗಿ ಯಾರನ್ನೂ ತಾಟಿನ ಮುಂದಿನಿಂದ ಎಬ್ಬಿಸಬಾರದು, ಅದು ಹೊಲದ ಹಕ್ಕಿಯಾಗಲಿ, ಮನೆಯ ಹೆಂಗಸಾಗಲಿ.